ಮೇಣದ ಬತ್ತಿಯ ಬೆಳಕಿನಲ್ಲಿ ಕಲಿತ ತಂಗಿ

ನಿಮ್ಮ ಮನೆಯ ಗೋಡೆಯನ್ನೊಮ್ಮೆ ನೋಡಿ. ಪುಟ್ಟ ಮಕ್ಕಳಿರುವ ಮನೆಯಾದರೆ ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಇದ್ದಿಲಿನದೋ ಪೆನ್ಸಿಲಿನದೋ ಗೀಟುಗಳು ಇದ್ದೇ ಇರುತ್ತವೆ. ಒಂದು ವೃತ್ತ, ಅದಕ್ಕೆ ನಾಲ್ಕು ಕಡ್ಡಿಗಳು. ಕೇಳಿದರೆ ಮಗು ಅದನ್ನು ಆನೆ ಎನ್ನುತ್ತದೆ, ಮರುದಿನ ಕೇಳಿದರೆ ಅಜ್ಜ ಎನ್ನುತ್ತದೆ. ಆ ಗೀಟುಗಳನ್ನು ಮೊದಲ ಸಲ ಕಂಡಾಗ ನೀವೇನು ಮಾಡಿದಿರಿ? ಸುಣ್ಣ ಬಳಿದು ಆರು ತಿಂಗಳೂ ಆಗಿಲ್ಲವೆಂದು ಗದರಿಸಿದಿರೋ, ಇಲ್ಲ ಪಕ್ಕದಲ್ಲಿ ಕುಳಿತು ಆನೆಯ ಸೊಂಡಿಲು ಎಲ್ಲಿದೆಯೆಂದು ಕೇಳಿದಿರೋ? ನಮ್ಮಲ್ಲಿ ಹೆಚ್ಚಿನವರು ಮಾಡುವುದು ಮೊದಲನೆಯದನ್ನೇ. ಈ ಸಾಲುಗಳನ್ನು ಬರೆಯುತ್ತಿರುವ ಕೈಯೂ ಅದಕ್ಕೆ ಹೊರತಲ್ಲ.

ಇಂದು ನಿಮಗೆ ಒಂದು ಮನೆಯ ಕಥೆಯನ್ನು ಹೇಳಬೇಕೆಂದಿದ್ದೇನೆ. ಆ ಮನೆಯಲ್ಲಿ ಅಕ್ಷರ ಗೀಚಲು ಹಂಬಲಿಸಿದ ಇಬ್ಬರು ಹೆಣ್ಣು ಮಕ್ಕಳಿದ್ದರು. ಹಿರಿಯವಳ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳಲಾಯಿತು. ಕಿರಿಯವಳಿಗೆ ಮನೆಯವರೇ ಒಬ್ಬರು ಗುಟ್ಟಾಗಿ ದೀಪ ಹಚ್ಚಿಕೊಟ್ಟರು. ಆ ಕಿರಿಯವಳ ಹೆಸರನ್ನು ನೀವು ಕೇಳಿರಬಹುದು. ಬೇಗಂ ರುಕಿಯಾ ಸಖಾವತ್ ಹುಸೈನ್. ಬಂಗಾಳಿಗಳ ನಾಲಿಗೆಯಲ್ಲಿ ಅವರು ರೊಕೇಯಾ. ಲೇಖಕಿಯೆಂದು, ಮುಸ್ಲಿಮ್ ಹೆಣ್ಣು ಮಕ್ಕಳಿಗಾಗಿ ಶಾಲೆ ಕಟ್ಟಿದವರೆಂದು ಅವರನ್ನು ಜಗತ್ತು ಬಲ್ಲದು. ಬಾಂಗ್ಲಾದೇಶದಲ್ಲಿ ಪ್ರತಿವರ್ಷ ಡಿಸೆಂಬರ್ 9ನ್ನು ಅವರ ಹೆಸರಿನ ದಿನವಾಗಿ ಆಚರಿಸುತ್ತಾರೆ. ಆದರೆ ಶಾಲೆ ಕಟ್ಟಿದ ಈ ಮಹಿಳೆ ಸ್ವತಃ ಒಂದು ದಿನವೂ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತವರಲ್ಲ. ಅವರು ಪಡೆದುದೆಲ್ಲವನ್ನೂ ಮನೆಯ ನಾಲ್ಕು ಗೋಡೆಗಳೊಳಗೇ ಪಡೆದರು. ಆದ್ದರಿಂದಲೇ ಅವರ ಬಾಲ್ಯವು ಹೆತ್ತವರಾದ ನಿಮಗೆ ಸಂಬಂಧಿಸಿದ ವಿಷಯವೆಂದು ನನಗೆ ತೋರುತ್ತದೆ.

ರಂಗಪುರ ಜಿಲ್ಲೆಯ ಪಾಯರಾಬಂದ್ ಎಂಬ ಹಳ್ಳಿ ಈಗ ಬಾಂಗ್ಲಾದೇಶದಲ್ಲಿದೆ. 1880ರಲ್ಲಿ ರುಕಿಯಾ ಅಲ್ಲಿ ಹುಟ್ಟಿದಾಗ ಅದು ಬ್ರಿಟಿಷರ ಆಡಳಿತದಲ್ಲಿದ್ದ ಬಂಗಾಳದ ಭಾಗವಾಗಿತ್ತು. ತಂದೆ ಜಹೀರುದ್ದೀನ್ ಮುಹಮ್ಮದ್ ಅಬೂ ಅಲಿ ಹೈದರ್ ಸಾಬೆರ್ ಆ ಊರಿನ ಜಮೀನ್ದಾರರು. ತಾಯಿ ರಾಹತುನ್ನಿಸಾ. ದೊಡ್ಡ ಮನೆ, ಆಳು ಕಾಳು, ಅತಿಥಿ ಅಭ್ಯಾಗತರಿಂದ ತುಂಬಿದ ಸಂಸಾರ. ತಂದೆ ಅಕ್ಷರದ ಗಂಧವಿಲ್ಲದವರೇನೂ ಅಲ್ಲ. ಅರಬಿ, ಪಾರ್ಸಿ ಬಲ್ಲ ವಿದ್ವಾಂಸರು. ಗಂಡು ಮಕ್ಕಳನ್ನು ಕಲ್ಕತ್ತೆಯ ಸೇಂಟ್ ಝೇವಿಯರ್ಸ್‌ಗೆ ಕಳುಹಿಸಿ ಇಂಗ್ಲಿಷ್ ಓದಿಸಿದರು. ಆದರೆ ಹೆಣ್ಣು ಮಕ್ಕಳಿಗೆ ಮನೆಯೊಳಗೆ ಕುರ್‌ಆನ್ ಪಾರಾಯಣ, ಅದೂ ಅರ್ಥವಿಲ್ಲದೆ. ಜೊತೆಗೆ ಒಂದಿಷ್ಟು ಉರ್ದು, ಪಾರ್ಸಿ. ಅಲ್ಲಿಗೆ ಮುಗಿಯಿತು. ಊರಿನ ಜನರೆಲ್ಲ ಆಡುತ್ತಿದ್ದ ಬಂಗಾಳಿಯನ್ನು ಓದುವುದು ಖಾನ್‌ದಾನಿ ಮನೆಯ ಹುಡುಗಿಯರಿಗೆ ತಕ್ಕುದಲ್ಲವೆಂಬ ಭಾವನೆ. ಇಂಗ್ಲಿಷಿನ ಮಾತಂತೂ ಎತ್ತುವಂತೆಯೇ ಇರಲಿಲ್ಲ.

ಇದನ್ನು ಓದುವಾಗ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನಮ್ಮಲ್ಲೂ ಒಂದು ಮನೆಯಲ್ಲಿ ಬ್ಯಾರಿ, ಇನ್ನೊಂದು ಮನೆಯಲ್ಲಿ ಉರ್ದು, ಭಟ್ಕಳದ ಕಡೆ ನವಾಯತಿ. ಮಗು ಓದುವುದೂ ಬರೆಯುವುದೂ ಕನ್ನಡದಲ್ಲಿ. ಯಾವ ಭಾಷೆ ದೊಡ್ಡದು, ಯಾವುದು ಸಣ್ಣದು ಎಂದು ಹಿರಿಯರು ಮಾತನಾಡುತ್ತಿದ್ದರೆ, ಎರಡರಲ್ಲೂ ಆಟವಾಡಿಕೊಂಡಿದ್ದ ಮಗು ಒಂದು ದಿನ ಬಾಯಿ ಮುಚ್ಚಿಕೊಳ್ಳುತ್ತದೆ. ಪಾಯರಾಬಂದ್ ನಮಗೆ ಅಷ್ಟೇನೂ ದೂರದ ಊರಲ್ಲ.

ಇನ್ನು ಪರ್ದಾದ ವಿಷಯ. ರುಕಿಯಾರ ಕಾಲದ ಶ್ರೀಮಂತ ಮನೆಗಳಲ್ಲಿ ಅದು ಶರೀಅತ್ ಹೇಳಿದ ಮೇರೆಯಲ್ಲಿ ನಿಂತಿರಲಿಲ್ಲ. ಅಪರಿಚಿತ ಹೆಂಗಸರ ಕಣ್ಣಿಗೂ ಹುಡುಗಿಯರು ಬೀಳಬಾರದೆಂಬ ಕಟ್ಟುಪಾಡು. ಐದನೆಯ ವಯಸ್ಸಿನಿಂದಲೇ ತಾನು ಹೆಂಗಸರಿಂದಲೂ ಅಡಗಬೇಕಾಯಿತೆಂದು ರುಕಿಯಾ ಮುಂದೆ ಬರೆದಿದ್ದಾರೆ. ಒಮ್ಮೆ ಕುಟುಂಬ ಕಲ್ಕತ್ತೆಯಲ್ಲಿದ್ದಾಗ ಬಿಹಾರದ ಕಡೆಯ ಬಂಧುಗಳ ಮನೆಯಿಂದ ಇಬ್ಬರು ಕೆಲಸದ ಹೆಂಗಸರು ಬಂದರು. ಅವರಿಗೆ ಮನೆಯ ಯಾವ ಕೋಣೆಗೂ ಅಡ್ಡಿಯಿಲ್ಲ. ಅಡ್ಡಿಯೆಲ್ಲ ಐದು ವರ್ಷದ ಹುಡುಗಿಗೆ. ಅವಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿ, ಕಡೆಗೆ ಮೇಲಿನ ಅಟ್ಟದ ಕೋಣೆ ಸೇರಿದಳು. ಮನೆಯ ಪುಟ್ಟ ಹುಡುಗನೊಬ್ಬ ಆಗಾಗ ಮೇಲೆ ಬಂದು ಸುದ್ದಿ ಹೇಳಿ ಹೋಗುವನು. ಅವನಿಗೆ ನೆನಪಾದರೆ ಏನಾದರೂ ಕುಡಿಯಲು ತಂದು ಕೊಡುವನು, ಮರೆತರೆ ಅದೂ ಇಲ್ಲ. ನಾಲ್ಕು ದಿನ ಹೀಗೆಯೇ ಕಳೆಯಿತು. ಮುಂದೆ 1931ರಲ್ಲಿ ಇಂತಹ 47 ಪ್ರಸಂಗಗಳನ್ನು ಸೇರಿಸಿ ಅವರು ಅವರೋಧ್‌ಬಾಸಿನಿ ಎಂಬ ಪುಸ್ತಕವನ್ನು ಹೊರತಂದರು. ಓದಿದರೆ ನಗುವೂ ಬರುತ್ತದೆ, ನಗು ಗಂಟಲಲ್ಲೇ ನಿಂತೂ ಬಿಡುತ್ತದೆ. ಅವರು ಪರ್ದಾವನ್ನು ತೊರೆದವರಲ್ಲ, ಬುರ್ಖಾದ ಪರವಾಗಿ ಒಂದು ಲೇಖನವನ್ನೇ ಬರೆದಿದ್ದಾರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಅವರು ಪ್ರಶ್ನಿಸಿದ್ದು ಮಗುವನ್ನು ಅಟ್ಟದಲ್ಲಿ ಕೂಡಿಹಾಕುವ ರೂಢಿಯನ್ನು.

ಈಗ ಹಿರಿಯ ಅಕ್ಕನ ಬಳಿಗೆ ಬರೋಣ. ಕರೀಮುನ್ನಿಸಾ ರುಕಿಯಾರಿಗಿಂತ ಬಹಳ ದೊಡ್ಡವರು. 1855ರಲ್ಲಿ ಹುಟ್ಟಿದವರು. ತಮ್ಮಂದಿರು ಪಾಠ ಒಪ್ಪಿಸುವುದನ್ನು ಕೇಳುತ್ತಾ ಕೇಳುತ್ತಾ ಈ ಹುಡುಗಿ ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಅಕ್ಷರ ತಿದ್ದಿ ಬಂಗಾಳಿ ಕಲಿತಳು. ಯಾರೂ ಕಲಿಸಲಿಲ್ಲ. ಒಂದು ದಿನ ಹಳೆಯ ಪದ್ಯಕಥೆಯ ಪುಸ್ತಕವೊಂದನ್ನು ಹಿಡಿದು ಓದುತ್ತಿರುವಾಗ ತಂದೆ ಎದುರಿಗೆ ಬಂದು ನಿಂತರು. ಹುಡುಗಿಗೆ ಹೆದರಿಕೆಯಿಂದ ಮೂರ್ಛೆ ಬರುವಂತಾಯಿತು. ಆದರೆ ತಂದೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಗಳನ್ನು ಸಮಾಧಾನಪಡಿಸಿ, ತಾನೇ ಕುಳಿತು ಒಳ್ಳೆಯ ಬಂಗಾಳಿ ಕಲಿಸಲು ತೊಡಗಿದರು.

ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಸುದ್ದಿ ಹೊರಗೆ ಹೋಯಿತು. ಬಂಧುಗಳು, ಊರಿನ ಹಿರಿಯರು ಗುಲ್ಲೆಬ್ಬಿಸಿದರು. ಜಮೀನ್ದಾರರ ಮಗಳು ಬಂಗಾಳಿ ಓದುವುದೆಂದರೇನು! ತಂದೆ ಸೋತರು. ಪಾಠ ನಿಂತಿತು. ಹುಡುಗಿಯನ್ನು ತಾಯಿಯ ತವರಾದ ಬಲಿಯಾದಿಗೆ ಕಳುಹಿಸಿ, ಅಲ್ಲಿ ಕಟ್ಟುನಿಟ್ಟಿನ ಕಾವಲಿನಲ್ಲಿಟ್ಟರು. ಹದಿನೈದು ತುಂಬುವ ಮೊದಲೇ ಮದುವೆಯೂ ಆಯಿತು.

ಈ ತಂದೆಯನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಅವರನ್ನು ಕ್ರೂರಿಯೆನ್ನಲು ಮನಸ್ಸು ಒಪ್ಪುವುದಿಲ್ಲ. ಮಗಳ ಕೈಯಲ್ಲಿ ಪುಸ್ತಕ ಕಂಡಾಗ ಅವರ ಮನಸ್ಸಿನಲ್ಲಿ ಮೊದಲು ಮೂಡಿದ್ದು ಸಂತೋಷ. ಸಂತೋಷವನ್ನು ಹಿಂದಕ್ಕೆ ತಳ್ಳಿದ್ದು ಜನ ಏನೆನ್ನುವರೋ ಎಂಬ ಅಳುಕು. ಮಕ್ಕಳ ಪ್ರತಿಭೆಯನ್ನು ಚಿವುಟುವವರು ಹೆಚ್ಚಾಗಿ ಅವರನ್ನು ಪ್ರೀತಿಸುವವರೇ. ಮಗ ಮರದ ತುಂಡುಗಳಿಂದ ದೋಣಿ ಕೆತ್ತುತ್ತಾ ಕುಳಿತಿದ್ದರೆ ನಿಮಗೂ ಖುಷಿಯಾಗುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗನಿಗೆ ಗಣಿತದಲ್ಲಿ ನೂರಕ್ಕೆ ನೂರು ಬಂದ ಸುದ್ದಿ ಬರುತ್ತದೆ. ದೋಣಿ ಅಟ್ಟಕ್ಕೆ ಹೋಗುತ್ತದೆ.

ಅದೇ ಮನೆಯಲ್ಲಿ, ವರ್ಷಗಳ ಬಳಿಕ, ರುಕಿಯಾ ಬೆಳೆದಳು. ಐದನೆಯ ವಯಸ್ಸಿನಲ್ಲಿ ಕಲ್ಕತ್ತೆಯಲ್ಲಿದ್ದಾಗ ಯುರೋಪಿಯನ್ ಮಹಿಳೆಯೊಬ್ಬರ ಬಳಿ ಕೆಲವು ದಿನ ಅಕ್ಷರ ಕಲಿಯುವ ಅವಕಾಶ ಸಿಕ್ಕಿತ್ತು. ಬಂಧುಗಳ ಟೀಕೆಗೆ ಅದೂ ನಿಂತಿತು. ಇವಳ ಕಥೆಯೂ ಅಕ್ಕನಂತೆಯೇ ಮುಗಿಯಬೇಕಿತ್ತು. ಮುಗಿಯದೇ ಇದ್ದುದಕ್ಕೆ ಕಾರಣ ಹಿರಿಯಣ್ಣ ಇಬ್ರಾಹೀಮ್ ಸಾಬೆರ್.

ಕಲ್ಕತ್ತೆಯಲ್ಲಿ ಓದಿ ಹೊಸ ಜಗತ್ತನ್ನು ಕಂಡುಬಂದಿದ್ದ ಈ ತರುಣನಿಗೆ ತಂಗಿಯ ಕಣ್ಣಿನಲ್ಲಿದ್ದ ಹಸಿವು ಕಾಣಿಸಿತು. ಹಗಲಿನಲ್ಲಿ ಅವಳಿಗೆ ಇಂಗ್ಲಿಷ್ ಕಲಿಸುವಂತಿರಲಿಲ್ಲ. ಆದ್ದರಿಂದ ರಾತ್ರಿಗಾಗಿ ಕಾಯುತ್ತಿದ್ದರು. ಊಟವಾಗಿ, ತಂದೆ ಮಲಗಿ, ಮನೆಯ ದೀಪಗಳೆಲ್ಲ ಆರಿದ ಮೇಲೆ ಅಣ್ಣ ತಂಗಿಯರು ಮೇಣದ ಬತ್ತಿ ಹಚ್ಚಿಕೊಂಡು ಕೂರುತ್ತಿದ್ದರು. ದೊಡ್ಡ ಚಿತ್ರಗಳಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ತಂಗಿಯ ಮುಂದೆ ಬಿಡಿಸಿಟ್ಟು, ಈ ಭಾಷೆ ಕಲಿತರೆ ಜಗತ್ತಿನ ರತ್ನ ಭಂಡಾರದ ಬಾಗಿಲು ತೆರೆಯುತ್ತದೆಂದು ಅಣ್ಣ ಆಸೆ ಹುಟ್ಟಿಸಿದರಂತೆ. ಚಿತ್ರದಿಂದ ಅಕ್ಷರಕ್ಕೆ, ಅಕ್ಷರದಿಂದ ಪದಕ್ಕೆ. ಬೆಳಗಾದರೆ ಎಲ್ಲವೂ ಮಾಮೂಲು.

ಅಣ್ಣ ಕೊಟ್ಟದ್ದೇನು ಎಂದು ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಪುಸ್ತಕ, ಒಂದು ಮೇಣದ ಬತ್ತಿ, ತನ್ನ ನಿದ್ದೆಯ ಒಂದೆರಡು ತಾಸು. ಹಣದ ಲೆಕ್ಕದಲ್ಲಿ ಅದು ಏನೂ ಅಲ್ಲ. ಇಂದು ನಾವು ಮಕ್ಕಳಿಗೆ ಕೊಡಿಸುವ ಬಣ್ಣದ ಪೆಟ್ಟಿಗೆಗೂ ಆಟಿಕೆಗೂ ಅದರ ಹತ್ತು ಪಟ್ಟು ಖರ್ಚಾಗುತ್ತದೆ. ಮೊಬೈಲ್ ಫೋನನ್ನು ಕೈಗಿತ್ತು ಸುಮ್ಮನಿರಿಸುವುದು ಇನ್ನೂ ಸುಲಭ. ಆದರೆ ಆ ಹುಡುಗಿಗೆ ಪ್ರತಿರಾತ್ರಿ ಸಿಗುತ್ತಿದ್ದದ್ದು ಅಂಗಡಿಯಲ್ಲಿ ಸಿಗದ ವಸ್ತು. ಮನೆಯ ಹಿರಿಯರೊಬ್ಬರು ತನಗೋಸ್ಕರ ಎಚ್ಚರವಾಗಿದ್ದಾರೆ, ತಾನು ಕಲಿಯುವುದು ಅವರಿಗೆ ಮುಖ್ಯವಾಗಿದೆ ಎಂಬ ಅರಿವು ಅದು. ಬಂಧುಗಳು ಈ ಅಣ್ಣ ತಂಗಿಯರನ್ನು ಕಂಡು ನಕ್ಕರು, ಚುಚ್ಚಿ ಮಾತನಾಡಿದರು. ತಂಗಿ ಓದನ್ನು ಬಿಡಲಿಲ್ಲ, ಅಣ್ಣ ಕಲಿಸುವುದನ್ನು ಬಿಡಲಿಲ್ಲ. ಮುಂದೆ 1924ರಲ್ಲಿ ಪ್ರಕಟವಾದ ಪದ್ಮರಾಗ್ ಎಂಬ ಕಾದಂಬರಿಯನ್ನು ರುಕಿಯಾ ಈ ಅಣ್ಣನಿಗೇ ಅರ್ಪಿಸಿದರು. ತನ್ನನ್ನು ತಿದ್ದಿ ರೂಪಿಸಿದವರು ಅವರೇ, ತಂದೆ ತಾಯಿ ಗುರು ಎಂದರೆ ಹೇಗಿರುತ್ತಾರೆಂದು ತನಗೆ ತಿಳಿಯದು, ತಿಳಿದಿರುವುದು ಅವರೊಬ್ಬರನ್ನೇ ಎಂಬ ಅರ್ಥದ ಮಾತುಗಳು ಆ ಅರ್ಪಣೆಯಲ್ಲಿವೆ. ತಂದೆ ತಾಯಿ ಇಬ್ಬರೂ ಇದ್ದ ಮನೆಯಲ್ಲಿ ಬೆಳೆದ ಮಗಳ ಮಾತು ಇದು. ಹೆತ್ತವರಾದವರು ಇದನ್ನು ಎರಡು ಸಲ ಓದಬೇಕು.

ಇಂಗ್ಲಿಷ್ ಅಣ್ಣನಿಂದ ಬಂದರೆ ಬಂಗಾಳಿ ಬಂದದ್ದು ಅಕ್ಕನಿಂದ. ಪುಸ್ತಕವನ್ನು ಕಳೆದುಕೊಂಡಿದ್ದ ಕರೀಮುನ್ನಿಸಾ ತಂಗಿಗೆ ವಿದ್ಯಾಸಾಗರರ ವರ್ಣಪರಿಚಯದಿಂದ ಅಕ್ಷರಾಭ್ಯಾಸ ಮಾಡಿಸಿದರು. ಉರ್ದು, ಪಾರ್ಸಿ ಓದಿದರೆ ಬಂಧುಗಳದ್ದು ಅಷ್ಟೇನೂ ತಕರಾರಿಲ್ಲ. ಬಂಗಾಳಿಗೆ ಮಾತ್ರ ಎಲ್ಲರ ವಿರೋಧ. ಪರವಾಗಿ ನಿಂತವರು ಅಕ್ಕ ಒಬ್ಬರೇ. ತನಗೆ ಸಿಗದಿದ್ದುದು ತಂಗಿಗೇಕೆ ಎಂದು ಅವರು ಹಲುಬಲಿಲ್ಲ. ನಮ್ಮ ಮನೆಗಳಲ್ಲಿ ತಾಯಂದಿರು ಕೆಲವೊಮ್ಮೆ ಹೇಳುವುದನ್ನು ನೀವು ಕೇಳಿರುತ್ತೀರಿ: ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ನಾವು ಬದುಕಲಿಲ್ಲವೇ ಎಂದು. ಕರೀಮುನ್ನಿಸಾ ಹಾಗೆ ಹೇಳಿದ್ದರೆ ಬಂಗಾಳಿ ಸಾಹಿತ್ಯಕ್ಕೆ ರುಕಿಯಾ ಸಿಗುತ್ತಿರಲಿಲ್ಲ.

ಹದಿಹರೆಯದಲ್ಲೇ ರುಕಿಯಾರ ವಿವಾಹವಾಯಿತು. ಸಂಬಂಧ ಕೂಡಿಸುವುದರಲ್ಲೂ ಇಬ್ರಾಹೀಮರ ಪಾತ್ರವಿತ್ತು. ಬಿಹಾರದ ಭಾಗಲ್ಪುರದ ಸೈಯದ್ ಸಖಾವತ್ ಹುಸೈನ್ ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಇಂಗ್ಲೆಂಡಿನಲ್ಲಿ ಓದಿದವರು, ಉರ್ದು ಮನೆಮಾತಿನವರು. ವಯಸ್ಸಿನಲ್ಲಿ ಬಹಳ ಹಿರಿಯರು, ಮೊದಲ ಹೆಂಡತಿಯನ್ನು ಕಳೆದುಕೊಂಡವರು. ಇಷ್ಟು ಕೇಳಿದರೆ ಅನುಕೂಲದ ಸಂಬಂಧವೆಂದು ಯಾರಿಗೂ ಅನಿಸದು. ಆದರೆ ಅಣ್ಣ ನೋಡಿದ್ದು ಬೇರೊಂದನ್ನು. ಈ ಮನುಷ್ಯ ತಂಗಿಯ ಕೈಯಿಂದ ಪುಸ್ತಕ ಕಸಿಯುವವನಲ್ಲ ಎಂಬುದನ್ನು. ಅವರ ಅಂದಾಜು ಸುಳ್ಳಾಗಲಿಲ್ಲ. ಪತಿಯ ಪ್ರೋತ್ಸಾಹದಿಂದ ರುಕಿಯಾರ ಬರವಣಿಗೆ 1902ರಲ್ಲಿ ಬಂಗಾಳಿ ಪತ್ರಿಕೆಯಲ್ಲಿ ಬೆಳಕು ಕಂಡಿತು. ಭಾಗಲ್ಪುರದಲ್ಲಿ ಬಂಗಾಳಿಯಲ್ಲಿ ಎರಡು ಮಾತನಾಡಲು ಯಾರೂ ಇರಲಿಲ್ಲ. ತಂಗಿ ಭಾಷೆಯನ್ನೇ ಮರೆತುಬಿಟ್ಟಾಳೆಂದು ಅಕ್ಕನಿಗೆ ಚಿಂತೆ. ಹದಿನಾಲ್ಕು ವರ್ಷ ಅಲ್ಲಿದ್ದೂ ತಾನು ಮರೆಯದೆ ಉಳಿದದ್ದು ಅಕ್ಕನ ಆಸ್ಥೆಯಿಂದ ಎಂದು ರುಕಿಯಾ ಮುಂದೆ ಮೋತಿಚೂರ್ ಎಂಬ ಪುಸ್ತಕದ ಎರಡನೇ ಭಾಗವನ್ನು ಅಕ್ಕನಿಗೆ ಅರ್ಪಿಸುವಾಗ ನೆನೆದಿದ್ದಾರೆ.

ಈಗ ಹೇಳುವ ಪ್ರಸಂಗ ಮಕ್ಕಳ ಮನೆಯದಲ್ಲ, ಗಂಡ ಹೆಂಡಿರದು. ಆದರೂ ಇದನ್ನು ಬಿಟ್ಟು ಮುಂದೆ ಹೋಗಲಾರೆ. ಸಖಾವತ್ ಸಾಹೇಬರು ಎರಡು ದಿನ ಕೆಲಸದ ಮೇಲೆ ಪ್ರವಾಸ ಹೋಗಿದ್ದರು. ಮನೆಯಲ್ಲಿ ಒಂಟಿಯಾಗಿದ್ದ ರುಕಿಯಾ ಹೊತ್ತು ಹೋಗದೆ ಇಂಗ್ಲಿಷಿನಲ್ಲಿ ಏನನ್ನೋ ಬರೆದರು. ಪತಿ ಹಿಂದಿರುಗಿ ಬಂದು ಏನು ಮಾಡುತ್ತಿದ್ದೆಯೆಂದು ಕೇಳಿದಾಗ ಆ ಹಾಳೆಗಳನ್ನು ತೋರಿಸಿದರು. ಅವರು ಕುಳಿತುಕೊಳ್ಳಲೂ ಇಲ್ಲ. ನಿಂತಲ್ಲೇ ನಿಂತು ಕೊನೆಯವರೆಗೂ ಓದಿದರು. ಗಂಡಸರ ಮೇಲೆ ಭಾರೀ ಸೇಡು ತೀರಿಸಿಕೊಂಡಿದ್ದೀಯೆಂದು ಮೆಚ್ಚಿ ನಕ್ಕರು. ಭಾಗಲ್ಪುರದ ಇಂಗ್ಲಿಷ್ ಕಮಿಷನರರಿಗೆ ತಿದ್ದಲು ಕಳುಹಿಸಿದರೆ, ಅವರು ಒಂದು ಗೆರೆಯನ್ನೂ ಎಳೆಯದೆ ಹೊಗಳಿ ಹಿಂದಿರುಗಿಸಿದರು. ಸುಲ್ತಾನಾಳ ಕನಸು ಎಂಬ ಆ ಕಥೆ 1905ರಲ್ಲಿ ನಮ್ಮ ನೆರೆಯ ಮದರಾಸಿನಿಂದ ಹೊರಡುತ್ತಿದ್ದ ಇಂಡಿಯನ್ ಲೇಡೀಸ್ ಮ್ಯಾಗಝಿನ್‌ನಲ್ಲಿ ಅಚ್ಚಾಯಿತು. 1908ರಲ್ಲಿ ಪುಸ್ತಕವಾಯಿತು.

ದಣಿದು ಬಂದ ಮನುಷ್ಯ. ಕುದುರೆ ಗಾಡಿಯೋ ರೈಲೋ, ಹೇಗೆ ಬಂದರೋ ತಿಳಿಯದು, ಮೈಯೆಲ್ಲ ಧೂಳಂತೂ ಇದ್ದಿರಬೇಕು. ಚಹಾ ಆಗಲಿ, ಆಮೇಲೆ ನೋಡೋಣ ಎನ್ನಬಹುದಿತ್ತು. ನಾನು ಒಮ್ಮೆ ಹಾಗೆಯೇ ಅಂದಿದ್ದೆ. ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಮನೆಯ ಮಗುವೊಂದು ಬರೆದು ತಂದ ನಾಲ್ಕು ಸಾಲಿನ ಕಥೆಯನ್ನು ಆಮೇಲೆ ಓದುತ್ತೇನೆಂದು ಜೇಬಿಗೆ ಸೇರಿಸಿ, ಮರುದಿನ ಉಳಿದ ಚೀಟಿಗಳೊಂದಿಗೆ ಹರಿದು ಎಸೆದಿದ್ದೆ. ಎರಡು ದಿನದ ಬಳಿಕ ಮಗು ಕೇಳಿತು. ನನ್ನಲ್ಲಿ ಉತ್ತರವಿರಲಿಲ್ಲ. ಅದು ಮತ್ತೆ ಕಥೆ ತಂದು ತೋರಿಸಿದ್ದು ಬಹಳ ತಿಂಗಳ ನಂತರ.

ಆ ಕಥೆಯೊಳಗೆ ಏನಿದೆಯೆಂದು ನಿಮ್ಮ ಮಕ್ಕಳಿಗೆ ಹೇಳಿ ನೋಡಿ, ಕಣ್ಣರಳಿಸಿ ಕೇಳುತ್ತಾರೆ. ಅದೊಂದು ಹೆಂಗಸರ ನಾಡು. ಅಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ರಸ್ತೆಗಳೆಲ್ಲ ತೋಟದಂತೆ. ಅಡುಗೆ ಮನೆಯಲ್ಲಿ ಹೊಗೆಯಿಲ್ಲ, ಬಿಸಿಲಿನ ಶಾಖದಿಂದಲೇ ಅಡುಗೆ. ವಿದ್ವಾಂಸೆಯರು ಬಲೂನು ಹಾರಿಸಿ ಕೊಳವೆಯ ಮೂಲಕ ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುತ್ತಾರೆ. ಓಡಾಟಕ್ಕೆ ಗಾಳಿಯಲ್ಲಿ ಹಾರುವ ಬಂಡಿ. ಶತ್ರು ಬಂದಾಗ ರಕ್ತ ಹರಿಸದೆ ಸೂರ್ಯನ ಬಿಸಿಯನ್ನೇ ಅವರತ್ತ ತಿರುಗಿಸಿ ಓಡಿಸುತ್ತಾರೆ. ರೈಟ್ ಸಹೋದರರು ಅಮೆರಿಕದಲ್ಲಿ ಮೊದಲ ಬಾರಿ ಯಂತ್ರದ ವಿಮಾನ ಹಾರಿಸಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಭಾಗಲ್ಪುರದಲ್ಲಿ ವಿದ್ಯುತ್ ದೀಪವಾಗಲಿ ಫ್ಯಾನಾಗಲಿ ಕಲ್ಪನೆಗೂ ನಿಲುಕದ ಕಾಲವದು. ಹೊಗೆಯಿಂದ ಕಣ್ಣು ಉರಿಸಿಕೊಂಡ ಹೆಂಗಸರ ನಡುವೆ ಬೆಳೆದವಳು ಹೊಗೆಯಿಲ್ಲದ ಒಲೆಯ ಕನಸು ಕಂಡಳು. ಅಟ್ಟದಲ್ಲಿ ಅಡಗಿದ್ದವಳು ಹಾರುವ ಬಂಡಿಯ ಕನಸು ಕಂಡಳು. ಮಗುವಿನ ಕಲ್ಪನೆಗೆ ಕಚ್ಚಾ ಸಾಮಗ್ರಿ ದೂರದಿಂದ ಬರಬೇಕಿಲ್ಲ, ಮನೆಯ ಒಲೆ, ಬಾವಿ, ಬಿಸಿಲು ಸಾಕು ಎಂದು ಈ ಕಥೆ ಓದಿದಾಗಲೆಲ್ಲ ನನಗೆ ಅನಿಸುತ್ತದೆ. 1930ರ ಡಿಸೆಂಬರಿನಲ್ಲಿ ಮುರಾದ್ ಎಂಬ ತರುಣ ವೈಮಾನಿಕನೊಂದಿಗೆ ರುಕಿಯಾ ನಿಜವಾಗಿಯೂ ವಿಮಾನವೇರಿದರು. ಇಪ್ಪತ್ತೈದು ವರ್ಷಗಳ ಹಿಂದೆ ಕಂಡ ಕನಸು ಕೈಗೂಡಿತೆಂದು ಆ ಹಾರಾಟವನ್ನು ಕುರಿತ ಲೇಖನದಲ್ಲಿ ಸಂಭ್ರಮದಿಂದ ಬರೆದರು.

ಅವರ ಸ್ವಂತ ಬದುಕಿನಲ್ಲಿ ಸಂಭ್ರಮ ಕಡಿಮೆ. ಹುಟ್ಟಿದ ಇಬ್ಬರು ಹೆಣ್ಣು ಮಕ್ಕಳೂ ಹಸುಗೂಸುಗಳಾಗಿರುವಾಗಲೇ ತೀರಿಕೊಂಡರು. ಪತಿಗೆ ಸಕ್ಕರೆ ಕಾಯಿಲೆ ಹಿಡಿದು ಕಣ್ಣು ಹೋಯಿತು. ವರ್ಷಗಳ ಆರೈಕೆ ಫಲಿಸದೆ 1909ರ ಮೇ 3ರಂದು ಅವರು ನಿಧನರಾದರು. ಹೆಣ್ಣು ಮಕ್ಕಳ ಶಾಲೆಗೆಂದೇ ಅವರು ಹತ್ತು ಸಾವಿರ ರೂಪಾಯಿ ತೆಗೆದಿರಿಸಿದ್ದರು. ಐದು ತಿಂಗಳು ಕಳೆಯುವುದರೊಳಗೆ, ಅಕ್ಟೋಬರಿನಲ್ಲಿ, ರುಕಿಯಾ ಭಾಗಲ್ಪುರದಲ್ಲಿ ಐವರು ಹುಡುಗಿಯರೊಂದಿಗೆ ಶಾಲೆ ತೆರೆದರು. ಕುಟುಂಬದೊಳಗಿನ ಕಹಿಯಿಂದಾಗಿ ಅಲ್ಲಿ ನೆಲೆಸಲಾಗದೆ ಕಲ್ಕತ್ತೆಗೆ ಬಂದು 1911ರ ಮಾರ್ಚ್ 16ರಂದು ವಲೀಉಲ್ಲಾ ಲೇನಿನ ಬಾಡಿಗೆ ಮನೆಯಲ್ಲಿ ಎಂಟು ಮಂದಿಯೊಂದಿಗೆ ಮತ್ತೆ ಆರಂಭಿಸಿದರು. ಅದೇ ಸಖಾವತ್ ಸ್ಮಾರಕ ಬಾಲಿಕಾ ಶಾಲೆ. ಶಾಲೆ ಎಂದರೆ ಹೇಗಿರುತ್ತದೆಂದು ತಿಳಿಯದ ಅವರು ಬೇರೆಯವರು ನಡೆಸುತ್ತಿದ್ದ ಹೆಣ್ಣು ಮಕ್ಕಳ ಶಾಲೆಗಳಿಗೆ ಹೋಗಿ ಕುಳಿತು ನೋಡಿ ಕಲಿತರು. ಮನೆ ಮನೆಗೆ ತೆರಳಿ ಹೆತ್ತವರ ಮನವೊಲಿಸಿದರು. ಕುರ್‌ಆನ್ ಪಾರಾಯಣದ ಜೊತೆಗೆ ಅದರ ವ್ಯಾಖ್ಯಾನ, ನಾಲ್ಕು ಭಾಷೆಗಳು, ಪ್ರಥಮ ಚಿಕಿತ್ಸೆ, ರೋಗಿಗಳ ಶುಶ್ರೂಷೆ, ಅಡುಗೆ, ಹೊಲಿಗೆ, ವ್ಯಾಯಾಮ ಎಲ್ಲವೂ ಪಾಠದಲ್ಲಿದ್ದವು.

ಶಾಲೆಯ ಮೋಟಾರು ಬಸ್ಸಿನ ಕಥೆ ಕೇಳಿ. ಪರ್ದಾಕ್ಕೆ ಭಂಗ ಬಾರದಿರಲೆಂದು ಬಸ್ಸನ್ನು ಎಲ್ಲ ಕಡೆಯಿಂದ ಕಪಾಟಿನಂತೆ ಮುಚ್ಚಲಾಗಿತ್ತು. ಒಳಗೆ ಕಗ್ಗತ್ತಲು. ಮೊದಲ ದಿನವೇ ಪುಟ್ಟ ಹುಡುಗಿಯರು ಹೆದರಿ ಅತ್ತರು, ವಾಂತಿ ಮಾಡಿಕೊಂಡರು, ಕೆಲವರು ಮೂರ್ಛೆ ಹೋದರು. ಕಿಟಕಿ ತೆರೆದು ಬಟ್ಟೆಯ ಪರದೆ ಹಾಕಿಸಿದರೆ, ಪರದೆ ಗಾಳಿಗೆ ಹಾರುತ್ತದೆಂದು ಬೆದರಿಕೆಯ ಪತ್ರಗಳು. ಬರೆದವರು ಹೆಸರಿನ ಜಾಗದಲ್ಲಿ ಧರ್ಮದ ಸಹೋದರರೆಂದು ಸಹಿ ಮಾಡಿದ್ದರು. ಒಂದು ಕಡೆ ಮಕ್ಕಳ ಉಸಿರು, ಇನ್ನೊಂದು ಕಡೆ ಊರಿನ ಬಾಯಿ. ರುಕಿಯಾರ ತಂದೆ ಒಮ್ಮೆ ನಿಂತಿದ್ದುದು ಇದೇ ಜಾಗದಲ್ಲಿ. ಮಗಳು ಮಾತ್ರ ಶಾಲೆ ಮುಚ್ಚಲಿಲ್ಲ.

ಶಾಲೆ ನಡೆಸುತ್ತಿದ್ದರೂ ಮಗುವಿನ ಮೊದಲ ಪಾಠ ತಾಯಿಯ ಬಳಿಯೇ ಆಗುವುದೆಂಬುದನ್ನು ಅವರು ಮರೆತಿರಲಿಲ್ಲ. ಸುಗೃಹಿಣಿ ಎಂಬ ಪ್ರಬಂಧದಲ್ಲಿ ಅವರ ವಾದ ಬಹಳ ಸ್ವಾರಸ್ಯವಾಗಿದೆ. ಒಳ್ಳೆಯ ಗೃಹಿಣಿಯಾಗಬೇಕೆಂದೇ ಎಲ್ಲರೂ ಹೆಣ್ಣಿಗೆ ಹೇಳುವುದಲ್ಲವೇ? ಸರಿ, ಹಾಗಾದರೆ ಅಡುಗೆಗೆ ರಸಾಯನ ಶಾಸ್ತ್ರ ಬೇಕು, ಶಾಖದ ಗುಣ ತಿಳಿದಿರಬೇಕು. ಹಿತ್ತಿಲಿನ ತರಕಾರಿಗೆ ಸಸ್ಯಗಳ ತಿಳುವಳಿಕೆ ಬೇಕು. ಮಕ್ಕಳನ್ನು ಬೆಳೆಸಲು ಇವೆಲ್ಲಕ್ಕಿಂತ ಹೆಚ್ಚಿನ ಅರಿವು ಬೇಕು. ಅಂದರೆ ಪ್ರಶ್ನೆ ಕೇಳುವ ಮಗುವಿಗೆ, ಪ್ರಶ್ನೆಯನ್ನು ಇಷ್ಟಪಡುವ ತಾಯಿ ಬೇಕು. ಅಕ್ಕಿ ಬೇಯುವಾಗ ಮುಚ್ಚಳ ಏಕೆ ಕುಣಿಯುತ್ತದೆಂದು ನಿಮ್ಮ ಮಗಳು ಕೇಳಿದರೆ, ಸುಮ್ಮನಿರು ಎನ್ನುವ ಬದಲು ಒಂದು ನಿಮಿಷ ಅವಳೊಂದಿಗೆ ಆ ಮುಚ್ಚಳವನ್ನು ನೋಡಿ. ಉತ್ತರ ಗೊತ್ತಿರದಿದ್ದರೂ ಪರವಾಗಿಲ್ಲ. ಇಬ್ಬರೂ ಸೇರಿ ನೋಡಿದರೆ ಸಾಕು. ಆ ದಿನ ಅನ್ನ ಸ್ವಲ್ಪ ತಳ ಹಿಡಿದರೆ ಮನೆಯವರು ಸಹಿಸಿಕೊಳ್ಳಲಿ.

ಕರೀಮುನ್ನಿಸಾ ಏನಾದರು? ಚಿಕ್ಕ ವಯಸ್ಸಿಗೇ ವಿಧವೆಯಾದರು. ಗಂಡು ಮಕ್ಕಳಿಬ್ಬರನ್ನು ಓದಿಸಿ ಬೆಳೆಸಿದರು. ಅಬ್ದುಲ್ ಕರೀಮ್ ಘಝ್ನವಿ, ಅಬ್ದುಲ್ ಹಲೀಮ್ ಘಝ್ನವಿ ಎಂಬ ಆ ಇಬ್ಬರೂ ಬಂಗಾಳದ ಸಾರ್ವಜನಿಕ ಜೀವನದಲ್ಲಿ ಹೆಸರಾದರು. ತಾಯಿ ಬಿಡುವಿದ್ದಾಗಲೆಲ್ಲ ಕವಿತೆ ಬರೆದರು. ಅವುಗಳಲ್ಲಿ ಹೆಚ್ಚಿನವು ಅಚ್ಚಾಗಲೇ ಇಲ್ಲ. ಬಾಲ್ಯದಲ್ಲಿ ಅರ್ಥ ತಿಳಿಯದೆ ಓದಿದ್ದ ಕುರ್‌ಆನನ್ನು ಅರ್ಥ ಮಾಡಿಕೊಂಡು ಓದಬೇಕೆಂದು ತನ್ನ 67ನೆಯ ವಯಸ್ಸಿನಲ್ಲಿ ಅರಬಿ ಕಲಿಯಲು ಕುಳಿತರು. 1926ರಲ್ಲಿ ಅವರು ತೀರಿಕೊಂಡ ಬಳಿಕ ರುಕಿಯಾ ಅಕ್ಕನ ಬಗ್ಗೆ ಒಂದು ಲೇಖನ ಬರೆದರು. ಅದಕ್ಕೆ ಅಡಗಿದ ರತ್ನ ಎಂಬರ್ಥದ ಹೆಸರಿಟ್ಟರು. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಅಕ್ಷರ ತಿದ್ದಿದ ಹುಡುಗಿಯ ವಿಷಯ ನಮಗೆ ತಿಳಿದಿರುವುದು ಆ ಲೇಖನದಿಂದ.

1932ರ ಡಿಸೆಂಬರ್ 8ರ ರಾತ್ರಿ ಹನ್ನೊಂದು ಗಂಟೆಯವರೆಗೂ ರುಕಿಯಾ ಬರೆಯುತ್ತಾ ಕುಳಿತಿದ್ದರು. ಮರುದಿನ ಬೆಳಗಿನ ಜಾವ ಇಹಲೋಕ ತ್ಯಜಿಸಿದರು. ಕಲ್ಕತ್ತೆಯ ಹೊರವಲಯದ ಸೋದಪುರದಲ್ಲಿ ಅವರನ್ನು ದಫನ ಮಾಡಲಾಯಿತು. ಮೇಜಿನ ಮೇಲೆ ಕಾಗದದ ತೂಕದ ಕೆಳಗೆ ಕೆಲವು ಹಾಳೆಗಳಿದ್ದವು. ಮಹಿಳೆಯರ ಹಕ್ಕುಗಳನ್ನು ಕುರಿತು ಹಿಂದಿನ ರಾತ್ರಿ ಆರಂಭಿಸಿದ್ದ, ಇನ್ನೂ ಮುಗಿದಿರದ ಬರಹವದು. ಬರೆದದ್ದು ಬಂಗಾಳಿಯಲ್ಲಿ, ಅಕ್ಕ ಕಲಿಸಿದ ಅಕ್ಷರಗಳಲ್ಲಿ.